ಟವಲಿನ ಕೆಳಗಿನ ಏಜೆಂಟು

ನಮ್ಮ ಸೋದರಮಾವನಷ್ಟು ಅನುಮಾನದ ಮನುಷ್ಯ ಆದವಾನಿಯಲ್ಲಿ ಇನ್ನೊಬ್ಬನಿಲ್ಲ. ಹೀಗೆಂದು ನಾನು ಹೇಳಿದೆನೆಂದು ಯಾರಾದರೂ ಚಾಡಿ ಹೇಳಿದರೆ, ಅವನಿಗೆ ಮೊದಲು ಅನುಮಾನ ಬರುವುದು ಚಾಡಿ ಹೇಳಿದವನ ಮೇಲೆ. ಜೀವಮಾನವೆಲ್ಲ ಹತ್ತಿ ಮಾರುಕಟ್ಟೆಯಲ್ಲಿ ಕಮಿಷನ್ ಏಜೆಂಟಾಗಿದ್ದವನು, ಪಾಪ. ಕಸುಬಿನ ಗುಣ ಎಲ್ಲಿ ಹೋದೀತು?

ಇಂಥವನು, ಊರ ಜಾಣರೆಲ್ಲ ಫೋನಿನಲ್ಲಿ ಕ್ರಿಪ್ಟೋ ಕೊಳ್ಳುತ್ತಿದ್ದ ಕಾಲಕ್ಕೆ ತಾನೂ ಒಂದಿಷ್ಟು ಟೋಕನ್ ಕೊಂಡುಬಿಟ್ಟ! ಅಲ್ಲಿಯವರೆಗೆ ಅವನಿಗೆ ಗೊತ್ತಿದ್ದ ಟೋಕನ್ನುಗಳು ಎರಡೇ: ಮಾರುಕಟ್ಟೆಯಲ್ಲಿ ಹತ್ತಿ ಗಾಡಿಯ ಸರದಿಯದು, ಮಂತ್ರಾಲಯದಲ್ಲಿ ಊಟದ್ದು. ಈ ಮೂರನೆಯ ಟೋಕನ್ನಿನ ಪೆಟ್ಟಿಗೆಗೆ ಬೀಗದ ಕೈಯೆಂದರೆ ಹನ್ನೆರಡು ಇಂಗ್ಲಿಷ್ ಪದಗಳು. ಮರೆತರೆ ಬ್ರಹ್ಮ ಬಂದರೂ ತೆಗೆಯಲಾರ. ಬರೆದಿಟ್ಟುಕೋ ಎಂದೆ.

"ಬರದಿಟ್ರ ಯಾರರ ಓದತಾರಲ್ಲೋ ಅಳಿಯಾ" ಎಂದ.

ಅವನು ಈ ಲೋಕದಲ್ಲಿ ನಂಬಿದ್ದು ಒಂದನ್ನೇ, ನಮ್ಮ ಅತ್ತೆಯ ನೆನಪಿನ ಶಕ್ತಿಯನ್ನು. ಬಳಗದವರೆಲ್ಲರ ಜನ್ಮನಕ್ಷತ್ರ, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಎಲೆ ಬಿಟ್ಟೆದ್ದರು, ಎಲ್ಲವೂ ಆಕೆಗೆ ಬಾಯಿಪಾಠ. ಆ ಹನ್ನೆರಡು ಪದಗಳನ್ನೂ ಬೀಸುವ ಹಾಡಿನ ಧಾಟಿಗೆ ಹೊಂದಿಸಿ ಕಲಿತುಬಿಟ್ಟಳು. "ಲ್ಯಾಡರ ಬಂತವ್ವಾ, ಟೈಗರ ಬಂತವ್ವಾ" ಎಂದು ಹಾಡುತ್ತಾ ರೊಟ್ಟಿ ತಟ್ಟುತ್ತಿದ್ದರೆ, ಪಕ್ಕದ ಮನೆಯಾಕೆ ಇದಾವುದೋ ದೇವಿಯ ಹಾಡೆಂದು ತಿಳಿದು, ಶುಕ್ರವಾರದ ಪೂಜೆಗೆ ಹೇಳಿಕೊಡಿ ಎಂದು ಬಂದಳು. ಮಾವ ಆವತ್ತೇ ಅಡುಗೆಮನೆಯ ಕಿಟಕಿ ಮುಚ್ಚಿ ಚಿಲಕ ಹಾಕಿದ.

ಈಚೆಗೆ ಅವನ ಫೋನು ನೀರಿನ ತೊಟ್ಟಿಗೆ ಬಿದ್ದು ಸತ್ತಿತು. ಹೊಸ ಫೋನು ಹಿಡಿದು ನನ್ನ ಹತ್ತಿರ ಬಂದ. "ಆ ಪದ ಹೇಳಲಾರದ, ಟೋಕನ್ ಅದಾವಿಲ್ಲೋ ಅಷ್ಟು ನೋಡಾಕ ಬರತೈತೇನು?" ಎಂದು ಕೇಳಿದ. ನನ್ನ ಮೇಲೂ ಅನುಮಾನ ಎಂದುಕೊಂಡು ನಕ್ಕೆ. ಪೆಟ್ಟಿಗೆಯ ವಿಳಾಸವಿದ್ದರೆ ಸಾಕು, ಅದು ನನ್ನ ಹತ್ತಿರವಿತ್ತು. ಫೋನಿನಲ್ಲಿ ನಾವು ಹೇಳಿದ ಕೆಲಸ ಮಾಡಿಕೊಡುವ ಎಐ ಏಜೆಂಟುಗಳಿಗೆಂದೇ ಮಾಡಿದ ಒಂದು ಸಣ್ಣ ಸಾಧನವಿದೆ. ನಾವು ಬಾಯಲ್ಲಿ ಕೇಳಿದರೆ, ಏಜೆಂಟು ಅದರ ಮೂಲಕ ಇಣುಕಿ ನೋಡಿ ಎಷ್ಟಿವೆಯೆಂದು ಹೇಳುತ್ತದೆ. ಏಜೆಂಟ್ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಮಾವ ನೆಟ್ಟಗೆ ಕೂತ.

"ಕಮಿಷನ್ ಎಷ್ಟಂತ?"

"ಏನೂ ಇಲ್ಲ ಮಾವಾ."

"ಕಮಿಷನ್ ಇಲ್ಲದ ಏಜೆಂಟಾ? ಯಾವ ಊರವ?"

"ಮನಷ್ಯಾ ಅಲ್ಲದು. ಬರೇ ನೋಡತೈತಿ, ಮುಟ್ಟಾಕ ಬರಂಗಿಲ್ಲ."

"ನೋಡತಾನ, ಮುಟ್ಟಂಗಿಲ್ಲ." ಮಾವ ಬಹಳ ಹೊತ್ತು ತಲೆದೂಗಿದ. "ಇಂಥವ ಒಬ್ಬನರ ನಮ್ಮ ಮಾರ್ಕೆಟ್ಟಿನಾಗ ಇದ್ದಿದ್ರ."

ಆದರೂ ಏಜೆಂಟು ಏಜೆಂಟೇ ತಾನೆ? ಹಳೆಯ ವ್ಯಾಪಾರಸ್ಥರು ದರವನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಟವಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ತಿಳಿಸುತ್ತಿದ್ದರು. ಮಾವ ಇಲ್ಲಿಯೂ ಅದೇ ಪದ್ಧತಿ ಹಿಡಿದ. ಬೆಳಗಿನ ಚಹಾ ಆದ ಮೇಲೆ ಅಡುಗೆಮನೆಯಲ್ಲೇ ಫೋನಿಗೆ ಟವಲು ಹೊದಿಸಿ, ಒಳಗೆ ತಲೆ ಹಾಕಿ, "ಅದಾವೇನಪಾ?" ಎಂದು ಪಿಸುಗುಡುತ್ತಾನೆ. ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ, ನೆಗಡಿಗೆ ಹಬೆ ತೆಗೆದುಕೊಳ್ಳುತ್ತಿದ್ದಾನೆಂದು ಮರುಗಿ ನೀಲಗಿರಿ ಎಣ್ಣೆ ತಂದುಕೊಟ್ಟಳು. ಗುಟ್ಟು ಕಾಯಲು ಮಾವ ಅದನ್ನು ಮೂಗಿಗೆ ಹಚ್ಚಿಕೊಂಡು ನಾಲ್ಕು ಸೀನು ಸೀನಿದ.

ಈಗಿನ ದರವನ್ನೂ ಕೇಳಬಹುದು ಮಾವಾ ಎಂದು ಒಮ್ಮೆ ಹೇಳಿಕೊಟ್ಟೆ.

"ದರ ಯಾರಿಗೆ ಬೇಕಾಗೈತಿ? ಅದಾವಿಲ್ಲೋ, ಅಷ್ಟು ಸಾಕು" ಎಂದ. ದರ ಬೇಡವೆನ್ನುವ ದಲ್ಲಾಳಿಯನ್ನು ಯಾರಾದರೂ ಕಂಡಿದ್ದೀರಾ? ನನಗೆ ಆಗಲೇ ಹೊಳೆಯಬೇಕಿತ್ತು.

ಮೊನ್ನೆ ಅವರ ಮನೆಗೆ ಹೋದಾಗ ಅದು ತಿಳಿಯಿತು. ಅತ್ತೆಗೆ ಮರೆವು ಶುರುವಾಗಿದೆ. ಮೊದಲು ನಕ್ಷತ್ರಗಳು ಹೋದವು, ಈಗ ಹಾಡು. ಟೈಗರಿನವರೆಗೆ ಬಂದು ನಿಲ್ಲುತ್ತಾಳೆ, ಮುಂದಿನದು ಬಾಯಿಗೆ ಬರುವುದಿಲ್ಲ. "ನಿಮ್ಮ ಗಂಟೆಲ್ಲಾ ನಾ ಕಳದುಬಿಟ್ಟೆ ಏನ್ರಿ?" ಎಂದು ದಿನಾ ಬೆಳಿಗ್ಗೆ ಕಣ್ಣು ತುಂಬಿಕೊಂಡು ಕೇಳುತ್ತಾಳಂತೆ. ಆವತ್ತೂ ಕೇಳಿದಳು. ಮಾವ ಟವಲಿನೊಳಗೆ ತಲೆ ಹಾಕಿದ. ತಡವಾಯಿತೆಂದು ನಾನೂ ಬಗ್ಗಿ ತಲೆ ಹಾಕಿದೆ. ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿತ್ತು. ಈಗ ನೋಡಲಾಗುತ್ತಿಲ್ಲ ಎಂದಷ್ಟೇ ಏಜೆಂಟು ಬರೆದಿತ್ತು. ಮಾವ ನನ್ನ ಮುಖ ನೋಡಿದ. ಟವಲಿನ ಕೆಳಗೆ ನನ್ನ ಬೆರಳುಗಳನ್ನು ಗಟ್ಟಿಯಾಗಿ ಒತ್ತಿ, ತಲೆ ಹೊರಗೆ ತೆಗೆದ.

"ಎಲ್ಲಾ ಅದಾವಂತ. ಒಂದೂ ಹೋಗಿಲ್ಲ."

"ಖರೇನಾ?"

"ಏಜೆಂಟ ಹೇಳ್ಯಾನ. ನೀ ನಿಧಾನಕ್ಕ ನೆನಪು ಮಾಡ್ಕೋ, ಅವಸರೇನೈತಿ."

ಅತ್ತೆ ನನ್ನ ಕಡೆ ತಿರುಗಿದಳು. "ನೀನೂ ನೋಡಿದ್ಯೇನಪಾ?"

"ನೋಡಿದೆ ಅತ್ತೀ. ಎಲ್ಲಾ ಅದಾವ" ಎಂದೆ.

ಅತ್ತೆಯ ಮುಖ ಅರಳಿತು. ಹಿಟ್ಟಿಗೆ ಕೈ ಹಾಕಿ, ಲ್ಯಾಡರಿನಿಂದ ಮತ್ತೆ ಹಾಡು ಶುರು ಮಾಡಿದಳು. ಮಾವ ಎದ್ದು ಹೋಗಿ ಕಿಟಕಿಯ ಚಿಲಕ ತೆಗೆದ.

"ಮಾವಾ, ಯಾರರ ಕೇಳತಾರ" ಎಂದೆ.

"ಕೇಳಲಿ ಬಿಡೋ" ಎಂದ. "ಆಕಿ ಹಾಡಾಕತ್ಯಾಳ."