ಯಾರಿಂದಲೂ ಭಾಗವಾಗದ್ದು

ಓಣಿಗೆಲ್ಲ ಅಕ್ಕನಾದ ಅಮ್ಮಿಣಿ ಚೇಚಿಯ ಅಪ್ಪದ ಹಿಟ್ಟು ಉಬ್ಬದೇ ಹೋದದ್ದೇ ಎಲ್ಲಕ್ಕೂ ಮೂಲ. ಕರ್ಕಾಟಕ ಮಾಸದ ಮಳೆ ಇರಿಂಜಾಲಕುಡ ಊರನ್ನೇ ನೆನೆಸಿಟ್ಟ ಅವಲಕ್ಕಿ ಮಾಡಿಬಿಟ್ಟಿತ್ತು. ಇಡೀ ಓಣಿಯಲ್ಲಿ ಬೆಚ್ಚಗಿದ್ದದ್ದು ಒಂದೇ, ಪಕ್ಕದ ಮನೆಯ ವೇಲಾಯುಧನ್ ಮಾಷ್ ಅವರ ಕಂಪ್ಯೂಟರು.

ಕಾಲೇಜಿನಲ್ಲಿ ಗಣಿತ ಹೇಳುವ ಮಾಷ್ ಬೇಸಿಗೆಯಲ್ಲೇ ಅದಕ್ಕೊಂದು ಸಂಖ್ಯೆ ಕೊಟ್ಟು ಕೂರಿಸಿದ್ದರು. ಬರೆಯಹೊರಟರೆ ಕೋಟಿಗಟ್ಟಲೆ ಅಂಕೆ. ಅದು ಅವಿಭಾಜ್ಯವೋ ಅಲ್ಲವೋ, ಇವತ್ತು ಸಂಜೆ ತೀರ್ಪು. ಹೌದೆಂದು ಬಂದರೆ ಕಂಡುಹಿಡಿದವರ ಸಾಲಿನಲ್ಲಿ ಮಾಷ್ ಹೆಸರು, ಸೂರ್ಯಚಂದ್ರರಿರುವವರೆಗೆ. ಕತೆಯ ರಾಕ್ಷಸನ ಪ್ರಾಣ ಗಿಳಿಯಲ್ಲಿದ್ದಂತೆ ಅವರ ಪ್ರಾಣ ಆ ಪೆಟ್ಟಿಗೆಯಲ್ಲಿತ್ತು.

ಚೇಚಿ ಹಿಟ್ಟಿನ ಪಾತ್ರೆ ತಂದು ಅದರ ಪಕ್ಕದಲ್ಲೇ ಕುಕ್ಕಿದಳು.

"ಚೇಚಿ, ಬೇಡ! ಇದು ಒಲೆಯಲ್ಲ!"

"ಒಲೆ ಆಗಿದ್ರೆ ತಂಗಮಣಿ ನಿಮ್ಮನ್ನ ಹತ್ರ ಬಿಡ್ತಿದ್ಲಾ ಮಾಷೇ?"

ಒಳಗಿನಿಂದ ಮಾಷ್ ಹೆಂಡತಿ ತಂಗಮಣಿ ನಕ್ಕದ್ದು ಕೇಳಿಸಿತು.

ಅಷ್ಟರಲ್ಲಿ ಎದುರು ಮನೆಯ ಪೌಲೋಸ್ ಒದ್ದೆ ಮುಂಡು-ಪಂಚೆಗಳನ್ನು ಹೊತ್ತು ಬಂದು, ಬಿಸಿಗಾಳಿ ಬರುವ ಕಡೆ ಹಗ್ಗ ಕಟ್ಟಿದ.

"ಮಾಷೇ, ಈ ಸಂಖ್ಯೆ ಭಾಗ ಆಗುತ್ತೆ ಅಂತ ಬಂದ್ರೆ, ಯಾವುದರಿಂದ ಅಂತಾನೂ ಹೇಳುತ್ತಾ?"

"ಇಲ್ಲ. ಆಗುತ್ತೆ ಅಂತಷ್ಟೇ."

"ಒಳ್ಳೇ ನ್ಯಾಯ! ಮನೇಲಿ ಕಳ್ಳ ಇದಾನೆ, ಯಾರು ಅಂತ ಮಾತ್ರ ಕೇಳ್ಬೇಡಿ ಅಂದ ಹಾಗಾಯ್ತು."

"ಭಾಗ ಆಗದೇ ಇರೋದು ವಾಸಿ," ಎಂದಳು ಚೇಚಿ. "ನಮ್ಮಪ್ಪನ ಆಸ್ತಿ ಭಾಗ ಮಾಡಕ್ಕೆ ಹೋಗಿ ವಕೀಲರು ಮನೆ ಕಟ್ಟಿಸ್ಕೊಂಡ್ರು."

ಮಧ್ಯಾಹ್ನ ಕರೆಂಟು ಹೋಯಿತು. ಇನ್ವರ್ಟರು ಕೀಚಲು ದನಿ ತೆಗೆದದ್ದೇ ಮಾಷ್ ಫ್ಯಾನು, ದೀಪ, ತಂಗಮಣಿಯ ಮಿಕ್ಸಿ ಎಲ್ಲ ಆರಿಸಿ, ಸ್ವಿಚ್ಚಿಗೆ ಬೆನ್ನುಕೊಟ್ಟು ದ್ವಾರಪಾಲಕರಂತೆ ನಿಂತರು. ಮಳೆಗತ್ತಲಲ್ಲಿ ಯಾರೂ ಹಿಟ್ಟನ್ನು ನೋಡಲಿಲ್ಲ. ಅದು ಮುಚ್ಚಳ ಎತ್ತಿ, ಮದುಮಗಳಂತೆ ಮೆಲ್ಲಗೆ ಅಂಚು ದಾಟಿ, ಪೆಟ್ಟಿಗೆಯತ್ತ ಹೊರಟಿತ್ತು. ಕಂಡ ಮಾಷ್ ಕೈಗೆ ಸಿಕ್ಕ ಮುಂಡು ಎಳೆದು ಅಡ್ಡಗಟ್ಟಿದರು.

"ಅಯ್ಯೋ, ಅದು ನಾನು ಚರ್ಚಿಗೆ ಉಡೋದು!" ಪೌಲೋಸ್ ಕಿರುಚಿದ.

ಅಂತೂ ಕರೆಂಟು ಬಂತು, ಸಂಜೆಯೂ ಬಂತು, ತೆರೆಯ ಮೇಲೆ ತೀರ್ಪೂ ಬಂತು: ಅವಿಭಾಜ್ಯ!

ಚೇಚಿ ಬಿಸಿ ಅಪ್ಪ ಹಂಚಿದಳು. ಪೌಲೋಸ್ ಹಚ್ಚಿದ ಪಟಾಕಿಗಳು ಮಳೆಗೆ ಸೀನಿ ಸುಮ್ಮನಾದವು. ಮಾಷ್ ತ್ರಿವೇಂಡ್ರಂನ ಗೆಳೆಯ ಸುಗತನ್‌ಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟರು. ಅವನೂ ಇದೇ ಬೇಟೆಯವನು.

ಸಂಖ್ಯೆಯ ಪುಟ್ಟ ಸೂತ್ರ ಕೇಳಿಸಿಕೊಂಡು ಸುಗತನ್ ಕೇಳಿದ. "ವೇಲಾಯುಧಾ, ಹೊಸ ಸಂಖ್ಯೆ ಕೊಡೋ ಮುಂಚೆ, ಯಂತ್ರ ನಿಜ ಹೇಳುತ್ತಾ ಅಂತ ನೋಡಕ್ಕೆ, ಎಲ್ಲರಿಗೂ ಗೊತ್ತಿರೋ ಅವಿಭಾಜ್ಯ ಒಂದನ್ನ ಕೊಟ್ಟು ನೋಡ್ತೀವಲ್ಲ?"

"ಹೌದು, ಕೊಟ್ಟಿದ್ದೆ."

"ಅದನ್ನ ತೆಗೆದು ಹೊಸದು ಹಾಕಿದ್ಯಾ?"

ಮಾಷ್ ಬಾಯಲ್ಲಿದ್ದ ಅಪ್ಪ ಅಲ್ಲೇ ನಿಂತಿತು.

"ಇದು ಆ ಹಳೇ ಸಂಖ್ಯೆನೇ, ಯಾರೋ ಎಂದೋ ಕಂಡುಹಿಡಿದಾಗಿದೆ ಕಣೋ," ಎಂದ ಸುಗತನ್.

ಪೌಲೋಸ್ ಮೆಲ್ಲಗೆ ಮಾಷ್ ಭುಜ ತಟ್ಟಿದ. "ಹೋಗ್ಲಿ ಬಿಡಿ ಮಾಷೇ. ಯಂತ್ರ ಸರಿಯಾಗಿದೆ ಅಂತ ಗೊತ್ತಾಯ್ತಲ್ಲ."

"ಹೂಂ," ಎಂದಳು ತಂಗಮಣಿ. "ಇನ್ನು ಪರೀಕ್ಷೆ ಆಗಬೇಕಾದ್ದು ಅದರ ಮುಂದೆ ಕೂತೋರದ್ದು."