ಸ್ಪೋರ್ಟ್ಸ್ ಬೈಕಿಗೊಂದು ಸೀರೆ ಗಾರ್ಡು

ಮನೆಯಲ್ಲಿ ಒಂದು ‘ಬೇಡ’ ಬೀಳದ ಹೊರತು ನನಗೆ ಯಾವ ಕೆಲಸಕ್ಕೂ ಧೈರ್ಯ ಬರುವುದಿಲ್ಲ. ಹೆಂಡತಿ ಬೇಡವೆಂದರೆ ತಾನೆ ಗಂಡಸು ಹಟ ಹಿಡಿಯಲು ಸಾಧ್ಯ? ತಂಗಿಯ ಮಗ ಕಾರು ಕೊಂಡು ನನಗೆ ದಾಟಿಸಿದ ಸ್ಪೋರ್ಟ್ಸ್ ಬೈಕಿನಲ್ಲಿ, ಐವತ್ತು ದಾಟಿದ ನಾನು ಪಾಂಡವಪುರದಿಂದ ಕನ್ಯಾಕುಮಾರಿಗೆ ಒಬ್ಬನೇ ಹೋಗಿಬರುತ್ತೇನೆಂದು ಘೋಷಿಸಿದಾಗ, ಸೊಪ್ಪು ಬಿಡಿಸುತ್ತಿದ್ದ ಜಯಮ್ಮ ತಲೆಯನ್ನೂ ಎತ್ತದೆ, “ಓಗ್ಬನ್ನಿ, ಅದ್ಕೇನಂತೆ” ಅಂದುಬಿಟ್ಟಳು. ಆವತ್ತಿನಿಂದ ನನಗೆ ನಿದ್ದೆಯಿಲ್ಲ. ಹಿಂದೊಮ್ಮೆ ಹೀಗೆಯೇ ನಗುನಗುತ್ತಾ ಕಳಿಸಿಕೊಟ್ಟಿದ್ದಳು. ಹಿಂತಿರುಗಿ ಬಂದಾಗ ನನ್ನ ಅಜ್ಜನ ಆರಾಮ ಕುರ್ಚಿ ಗುಜರಿಯವನ ಪಾಲಾಗಿತ್ತು. ಈ ಸಲ ಏನು ಮಾಯವಾಗುತ್ತದೋ ಎಂದು ಕೋಣೆಯಲ್ಲಿರುವ ಒಂದೊಂದು ಸಾಮಾನನ್ನೂ ಕಣ್ಣಲ್ಲೇ ತಡವತೊಡಗಿದೆ.

ಆದರೂ ತಯಾರಿ ಬಿಡಲಿಲ್ಲ. ದಿನಾ ಬೆಳಿಗ್ಗೆ ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಬೈಕನ್ನು ಹತ್ತಿ ಕೂರುವ ಅಭ್ಯಾಸ. ಅದರ ಮೇಲೆ ಕೂರುವುದೆಂದರೆ ಬಿದ್ದುಹೋದ ಚಿಲ್ಲರೆ ಹುಡುಕುವವನ ಭಂಗಿ. ಹತ್ತುವುದು ಹೇಗೋ ಆಗುತ್ತಿತ್ತು. ಇಳಿಯುವಾಗ ಮಾತ್ರ ಸೊಂಟ ಒಪ್ಪುತ್ತಿರಲಿಲ್ಲ. ಯಾರಾದರೂ ಆ ಕಡೆ ಸುಳಿದರೆ ಕನ್ನಡಿ ಒರೆಸುವವನಂತೆ ನಟಿಸುತ್ತಾ ಕೂತಿರುತ್ತಿದ್ದೆ. ಹಸುವಿಗೆ ಬಿಟ್ಟು ಬೇರಾರಿಗೂ ಈ ಗುಟ್ಟು ತಿಳಿದಿರಲಿಲ್ಲವೆಂದೇ ನನ್ನ ನಂಬಿಕೆ.

ಬ್ಯಾಗು ಕಟ್ಟಲು ಕ್ಯಾರಿಯರ್ ಬೇಕೆಂದು ಕಿರಂಗೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಬೈಕು ಬಿಟ್ಟುಬಂದಿದ್ದೆ. ತರಲು ಹೋದರೆ ಹಿಂದಿನ ಚಕ್ರದ ಪಕ್ಕದಲ್ಲಿ ಸೀರೆ ಗಾರ್ಡು! ಜಿಂಕೆಯ ಕತ್ತಿಗೆ ಎತ್ತಿನ ಗಂಗೆದೊಗಲು ಕಟ್ಟಿದ ಹಾಗಿತ್ತು.

“ಇದ್ಯಾರು ಹೇಳಿದ್ದು ಆಚಾರ್ರೇ?”

“ಅಕ್ಕೋರೇ ಪೋನ್ ಮಾಡಿದ್ರಲ್ಲಾ ಮೇಷ್ಟ್ರೇ. ಕಾಲಿಡಕ್ಕೆ ಅಗಲವಾಗಿ ಒಂದು ಪಟ್ಟಿನೂ ಆಕು ಅಂದ್ರು. ಆಕಿವ್ನಿ ನೋಡಿ, ಇಬ್ರು ನಿಂತ್ರೂ ಬಗ್ಗಕಿಲ್ಲ.”

ಒಬ್ಬನೇ ಹೋಗುವವನ ಬೈಕಿಗೆ ಸೀರೆ ಗಾರ್ಡು ಯಾಕೆ? ನನ್ನ ಅನುಮಾನಕ್ಕೆ ಈಗ ಕಾಲು ಬಂತು. ಆ ಕಾಲಿಗೆ ಇಡಲು ಅಗಲವಾದ ಪಟ್ಟಿಯೂ ಬಂದಿತ್ತು. ಮನೆಗೆ ಬಂದು ಕೇಳಿದರೆ ಜಯಮ್ಮ, “ನಾನೂ ಬತ್ತೀನಿ” ಅಂದಳು. ನನ್ನ ಮೇಲೆ ಕಾವಲು! ನಂಬಿಕೆಯಿಲ್ಲದ ಹೆಂಗಸು! ಹಿಂದಿನ ಸೀಟಿನ ಕಷ್ಟ ಒಮ್ಮೆ ಕಂಡರೆ ತಾನೇ ಬೇಡವೆನ್ನುತ್ತಾಳೆಂದು ಲೆಕ್ಕ ಹಾಕಿ, ಭಾನುವಾರ ಕೆ.ಆರ್. ಪೇಟೆಯ ಅವಳ ಅಕ್ಕನ ಮನೆಗೆ ಕರೆದೊಯ್ದೆ. ಅಟ್ಟದಂಥ ಸೀಟಿನ ಮೇಲೆ ಒಂದು ಕಡೆಗೆ ಕಾಲು ಹಾಕಿ ಕೂತು, ನನ್ನ ಹೆಲ್ಮೆಟ್ಟಿನ ಮೇಲೆ ಕೈಯೂರಿ, ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳನ್ನು ನೋಡುತ್ತಾ ಸುಖವಾಗಿ ಬಂದಳು.

ಅಕ್ಕನ ಮನೆ ಮುಂದೆ ಅವಳು ಇಳಿದಳು. ನಾನು ಇಳಿಯಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಷಡ್ಡಕ ಜಗಲಿಯಿಂದಲೇ, “ಬನ್ನಿ ಒಳಕ್ಕೆ, ಕಾಪಿ ಆರೋಯ್ತದೆ” ಎಂದು ಕೂಗುತ್ತಿದ್ದ. ನಾನು ಕನ್ನಡಿ ಒರೆಸಲು ಶುರುಮಾಡಿದೆ.

ಜಯಮ್ಮ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, “ಎಡಗೈನ ನನ್ ಎಗಲ ಮ್ಯಾಲಾಕಿ. ಊಂ, ಈಗ ಕಾಲೆತ್ತಿ. ಮೆತ್ತಗೆ” ಎಂದಳು. ಇಳಿದೆ. “ಅದ್ಕೇ ಕಣ್ರೀ ನಾನೂ ಬತ್ತೀನಿ ಅಂತಿರೋದು. ಕನ್ಯಾಕುಮಾರೀಲಿ ನಿಮ್ಮನ್ನ ಇಳ್ಸೋರ್ಯಾರು?”

“ನಾನು ಕನ್ನಡಿ ಒರೆಸುತ್ತಿದ್ದೆ” ಎಂದೆ, ಆದಷ್ಟೂ ಗಂಭೀರವಾಗಿ.

“ಊಂ, ತಿಂಗ್ಳಿಂದ ನೋಡ್ತಾನೇ ಇವ್ನಿ” ಎಂದಳು. “ನಾಳೆಯಿಂದ ಕೈಲೊಂದು ಬಟ್ಟೆನಾದ್ರೂ ಇಟ್ಕೊಳಿ.”