ಗಂಗಣ್ಣನ ಸೂರಿನ ನೀರು

ಪಿಳ್ಳಪ್ಪ: ಬೇಳೆ ಇವತ್ತೂ ಬೆಂದಿಲ್ಲ.

ಮುನಿವೆಂಕಟಮ್ಮ: ಬೇಯಲ್ಲ. ಆ ತಗಡು ಕೀಳೋಗಂಟ ಬೇಯಲ್ಲ.

ಪಿಳ್ಳಪ್ಪ: ಬೇಳೆ ಇರೋದು ನಮ್ಮ ಒಲೆ ಮ್ಯಾಲೆ, ತಗಡಿರೋದು ಗಂಗಣ್ಣನ ಸೂರಿಗೆ. ಅದಕ್ಕೂ ಇದಕ್ಕೂ ಏನೇ ಸಂಬಂಧ?

ಮುನಿವೆಂಕಟಮ್ಮ: ಸಂಬಂಧ ಗೊತ್ತಿಲ್ದೇನೇ ಒಂಬತ್ತು ವರ್ಷ ಪಂಚಾಯ್ತಿಗೆ ತಿರುಗಿದ್ಯಾ?

ಪಿಳ್ಳಪ್ಪನ ಮುಖ ಸಪ್ಪಗಾಯಿತು. ವ್ಯಾಜ್ಯ ಗೆದ್ದು ಇನ್ನೂ ಹದಿನೈದು ದಿನ. ಗೆದ್ದ ಗಂಡನಿಗೆ ಮನೆಯಲ್ಲಿ ಸಿಗಬೇಕಾದ ಮರ್ಯಾದೆ ಇದಲ್ಲ.

ಆ ವ್ಯಾಜ್ಯ ಕುಂದಾಣದ ಸುತ್ತಮುತ್ತ ಎಲ್ಲರಿಗೂ ಗೊತ್ತಿತ್ತು. ಪಕ್ಕದ ಮನೆಯ ಗಂಗಣ್ಣ ಹುಲ್ಲು ತೆಗೆದು ಮಂಗಳೂರು ಹೆಂಚು ಹೊದಿಸಿದ ವರ್ಷ, ಅವನ ಸೂರಿನ ನೀರು ತನ್ನ ಹಿತ್ತಲಿಗೆ ಬೀಳುತ್ತದೆಂದು ಪಿಳ್ಳಪ್ಪ ದೂರು ಕೊಟ್ಟ. ಹುಲ್ಲಿದ್ದಾಗಲೂ ಬೀಳುತ್ತಿತ್ತು, ಆಗ ಅವನಿಗೆ ಕಂಡಿರಲಿಲ್ಲ. ಹೆಂಚಿನ ನೀರು ಮಾತ್ರ ಕಣ್ಣು ಕುಕ್ಕಿತು. ಅರಳಿಕಟ್ಟೆಯ ಮುಂದೆ ಇಬ್ಬರೂ ಪಂಚೆ ಎತ್ತಿ ಕಟ್ಟಿ, ನಿನ್ನ ಮನೆಯ ನೀರು ಪ್ರಾಣ ಹೋದರೂ ಮುಟ್ಟುವುದಿಲ್ಲ ಎಂದು ಆಣೆ ಇಟ್ಟುಕೊಂಡರು. ಅಂತೂ ಪಂಚಾಯ್ತಿಯವರು, ಗಂಗಣ್ಣನ ನೀರು ಒಂದು ಹನಿಯೂ ಪಿಳ್ಳಪ್ಪನ ಹಿತ್ತಲಿಗೆ ಬೀಳಕೂಡದೆಂದು ತೀರ್ಪು ಕೊಟ್ಟರು. ಯುದ್ಧ ಮುಗಿಸಿ ಹೋದ ಮಿಲ್ಟ್ರಿಯವರ ಹಳೆಯ ತಗಡು ಯಲಹಂಕದಲ್ಲಿ ಸಿಗುತ್ತಿತ್ತು. ಗಂಗಣ್ಣ ಅದನ್ನು ಗಾಡಿಯಲ್ಲಿ ತಂದು, ಸೂರಿನುದ್ದಕ್ಕೂ ದೋಣಿಯಂತೆ ಬಗ್ಗಿಸಿ ಹೊಡೆದು, ನೀರನ್ನೆಲ್ಲ ಬೀದಿಗೆ ತಿರುಗಿಸಿದ.

ಮುನಿವೆಂಕಟಮ್ಮ ಬಾಗಿಲಲ್ಲಿ ನಿಂತು ಆಕಾಶ ನೋಡಿದಳು. ನಂದಿ ಬೆಟ್ಟದ ಕಡೆ ಮೋಡ ಕಪ್ಪಗೆ ಕಟ್ಟಿತ್ತು.

ಮುನಿವೆಂಕಟಮ್ಮ: ಮಳೆ ಬರ್ತೈತೆ. ಇವತ್ತು ಹಗೇವು ತುಂಬದಿದ್ರೆ ಕೆಟ್ವಿ.

ಪಿಳ್ಳಪ್ಪ ತಟ್ಟೆ ಬಿಟ್ಟೆದ್ದು ಬಾಗಿಲು ಹಾಕಿದ.

ಪಿಳ್ಳಪ್ಪ: ಮೆತ್ತಗೆ ಮಾತಾಡೇ. ಲೆವಿಯವರ ಕಿವಿಗೆ ಬಿದ್ರೆ ಇಬ್ರಿಗೂ ಕೋಳ ಬೀಳ್ತೈತೆ.

ಹಗೇವೆಂದರೆ ಹಿತ್ತಲಲ್ಲಿ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಯುದ್ಧಕಾಲದಲ್ಲಿ ಸರ್ಕಾರದವರು ಲೆವಿಯೆಂದು ರಾಗಿ ಅಳೆದುಕೊಂಡು ಹೋದ ಮೇಲೆ ಅದು ಬರಿದಾಗಿತ್ತು. ಆದರೆ ಮೂರು ವರ್ಷದಿಂದ ಹೆಂಡತಿ ಅದರ ಬಾಯಿಗೆ ಚಪ್ಪಡಿ ಮುಚ್ಚಿ, ಹತ್ತಿರ ಒಂದು ಕೋಳಿಯನ್ನೂ ಬಿಡದೆ ಕಾಯುತ್ತಿದ್ದಳು. ಜಾಣೆ, ರಾಗಿ ಬಚ್ಚಿಟ್ಟಿದ್ದಾಳೆ ಎಂದು ಪಿಳ್ಳಪ್ಪ ತಿಳಿದಿದ್ದ. ಕೇಳಿದರೆ ತಾನೂ ಕಳ್ಳತನದಲ್ಲಿ ಪಾಲುದಾರನಾಗಬೇಕಲ್ಲ ಎಂದು ಕೇಳಿರಲಿಲ್ಲ. ಲೆವಿ ವಸೂಲಿಗೆ ಶೇಕ್‌ದಾರರು ಬಂದಾಗಲೆಲ್ಲ ಅದರಲ್ಲಿ ಒಂದು ಕಾಳೂ ಇಲ್ಲವೆಂದು ತಲೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದ. ಅವರು ಹೋದ ಮೇಲೆ ದೇವರ ಮುಂದೆ ಕೆನ್ನೆ ಬಡಿದುಕೊಳ್ಳುತ್ತಿದ್ದ.

ಮುನಿವೆಂಕಟಮ್ಮ: ರಾಗಿ ಎಲ್ಲೈತೆ? ಅದ್ರಾಗೆ ಇದ್ದಿದ್ದು ನೀರು. ನೀನು ಗಾಡಿ ಕಟ್ಕೊಂಡು ಮಿಲ್ಟ್ರಿಗೆ ಸೌದೆ ಹೊಡೀತಿದ್ದಾಗ ನಮ್ಮಣ್ಣ ಆವಲಪ್ಪ ಬಂದು ಒಳಗೆಲ್ಲ ಗಾರೆ ಮೆತ್ತಿಕೊಟ್ಟ. ಗಂಗಣ್ಣನ ಸೂರಿನ ನೀರನ್ನ ಅದಕ್ಕೆ ಬಿಟ್ಕೊಂಡೆ. ಹೋದ ವರ್ಷದ ನೀರು ಈಗ ತಳ ಕಂಡೈತೆ.

ಪಿಳ್ಳಪ್ಪ: ಹಂಗಾರೆ ನಾನು ಶೇಕ್‌ದಾರ್ರಿಗೆ ಹೇಳಿದ್ದು ನಿಜ.

ಮುನಿವೆಂಕಟಮ್ಮ: ಅಪ್ಪಿತಪ್ಪಿ ಒಂದು ನಿಜ ಬಂದೈತೆ ನಿನ್ನ ಬಾಯಲ್ಲೂ.

ಮೂರು ವರ್ಷದ ಹೆದರಿಕೆ ದಂಡವಾಯಿತಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು. ಆಮೇಲೆ ಇನ್ನೊಂದು ಅನುಮಾನ ಹುಟ್ಟಿತು.

ಪಿಳ್ಳಪ್ಪ: ಆ ನೀರು ಎಮ್ಮೆ ತೊಳೆಯಾಕೆ ತಾನೇ?

ಮುನಿವೆಂಕಟಮ್ಮ: ಬೇಳೆ ಬೇಯಿಸಾಕೆ. ಊರ ಬಾವಿ ನೀರು ಸೌಳು. ಒಂದು ಹೊರೆ ಸೌದೆ ಉರಿಸಿದ್ರೂ ಬೇಳೆ ಕಲ್ಲೇ. ಮೂರು ವರ್ಷದಿಂದ ಸಾರು ಬೆಣ್ಣೆ ಬೆಣ್ಣೆ ಅಂತ ತಟ್ಟೆ ನೆಕ್ತಿದ್ಯಲ್ಲ, ಯಾರ ಮನೆ ನೀರು ಅಂದ್ಕೊಂಡೆ?

ಪಿಳ್ಳಪ್ಪ ಗೋಡೆಗೊರಗಿ ಕುಳಿತ. ಮಜ್ಜಿಗೆಗೂ ಅದೇನೇ ಎಂದು ಕೇಳಿದ. ಅದೇ ಎಂದಳು. ಅರಳಿಕಟ್ಟೆಯ ಮುಂದೆ ಇಟ್ಟ ಆಣೆ ನೆನಪಾಗಿ, ತನ್ನ ಮಾತಿಗೆ ಇಷ್ಟೇನಾ ಬೆಲೆ ಎಂದು ಕೂಗಾಡಿದ.

ಮುನಿವೆಂಕಟಮ್ಮ: ಆಣೆ ಇಟ್ಟೋನು ನೀನು. ಒಲೆ ಹಚ್ಚೋಳು ನಾನು.

ಮೊದಲೇ ಏಕೆ ಹೇಳಲಿಲ್ಲ ಎಂದರೆ, ಒಂಬತ್ತು ವರ್ಷ ತೀರ್ಪು ಕೊಡದವರು ಈಗ ಕೊಟ್ಟುಬಿಡುತ್ತಾರೆಂದು ಯಾರು ಕಂಡಿದ್ದರು ಎಂದಳು. ನಮ್ಮ ಸೂರಿನ ನೀರನ್ನೇ ಹಿಡಿ ಎಂದರೆ, ಹುಲ್ಲಿನ ಮೇಲೆ ಇಳಿದ ನೀರು ಕಷಾಯದ ಬಣ್ಣ, ಬೇಕಾದರೆ ನೀನು ಕುಡಿ ಎಂದಳು. ಹೋದ ವಾರದ ಮೊದಲ ಮಳೆ ಹೆಂಚಿನ ಧೂಳು ತೊಳೆದುಕೊಂಡು ಬೀದಿಗೆ ಹೋಗಿತ್ತು. ಅದಕ್ಕೆ ಅವಳಿಗೆ ದುಃಖವಿರಲಿಲ್ಲ, ಪ್ರತಿ ವರ್ಷವೂ ಆ ಕೊಳೆ ನೀರನ್ನು ಹೊರಕ್ಕೇ ಬಿಡುತ್ತಿದ್ದಳು. ಇವತ್ತು ಬರುವುದು ತಿಳಿನೀರು. ಇದೂ ಬೀದಿಪಾಲಾದರೆ ಮುಂದೇನೆಂದು ಪಿಳ್ಳಪ್ಪನಿಗೆ ತಟ್ಟೆಯಲ್ಲೇ ಕಾಣುತ್ತಿತ್ತು.

ಮುನಿವೆಂಕಟಮ್ಮ: ಹೋಗಿ ತಗಡು ಕೀಳ್ಸು. ಇಲ್ದಿದ್ರೆ ನಾಳೆಯಿಂದ ನಿನ್ನ ಸಾರು ಪಂಚಾಯ್ತಿಯವರೇ ಕಾಯಿಸ್ಲಿ.

ಗಂಗಣ್ಣ ಜಗುಲಿಯ ಮೇಲೆ ಕಾಲು ಚಾಚಿ ಕುಳಿತು ತನ್ನ ತಗಡನ್ನೇ ನೋಡುತ್ತಿದ್ದ.

ಗಂಗಣ್ಣ: ಏನ್ಲಾ, ನಿನ್ನ ಹಿತ್ತಲಿಗೆ ಹನಿಗಿನಿ ಬಿತ್ತಾ?

ಪಿಳ್ಳಪ್ಪ: ಇಲ್ಲ.

ಗಂಗಣ್ಣ: ಮತ್ತೆ ಗೆದ್ದೋನ ಮುಖ ಯಾಕಂಗೈತೆ?

ಪಿಳ್ಳಪ್ಪ: ಊಟ ಸರಿಯಿಲ್ಲ.

ಗಂಗಣ್ಣ: ಯಾರ ಮನೇಲಿ ಸರಿಯಾಗೈತೆ? ನಮ್ಮ ಅಂಜಿನಮ್ಮ ಬೆಳಗ್ಗೆ ಬೇಳೆ ಇಟ್ಟೋಳು ಇನ್ನೂ ಒಲೆ ಊದ್ತಾವ್ಳೆ.

ಗುಡುಗು ಉರುಳಿತು. ಮೊದಲ ಹನಿ ತಗಡಿನ ಮೇಲೆ ಟಣ್ ಎಂದಿತು. ಪಿಳ್ಳಪ್ಪನ ಎದೆಯೂ ಹಾಗೇ ಎಂದಿತು. ನಿನ್ನ ನೀರು ನನಗೆ ಬೇಕು ಎನ್ನಲು ನಾಲಿಗೆ ಹೊರಳಲಿಲ್ಲ, ಅದಕ್ಕಿಂತ ಹಸಿ ಬೇಳೆ ಅಗಿಯುವುದೇ ವಾಸಿ. ಒಂಬತ್ತು ವರ್ಷದಲ್ಲಿ ಗಂಗಣ್ಣನ ಜೊತೆ ಅವನು ಆಡಿದ್ದು ಒಂದೇ ಥರದ ಮಾತು. ಅದನ್ನೇ ಆಡಿದ.

ಪಿಳ್ಳಪ್ಪ: ಗಂಗಣ್ಣ, ನಿನ್ನ ತಗಡು ನಮ್ಮ ಹಿತ್ತಲಿನ ಮ್ಯಾಲೆ ಒಂದು ಗೇಣು ಚಾಚೈತೆ.

ಗಂಗಣ್ಣ: ಏನಂದೆ?

ಪಿಳ್ಳಪ್ಪ: ನೀರು ಬೀಳ್ಬಾರ್ದು ಅಂತ ತೀರ್ಪು. ತಗಡು ಚಾಚ್ಬೋದು ಅಂತ ಎಲ್ಲೈತೆ? ಈಗಿಂದೀಗ್ಲೇ ಕೀಳು. ಇಲ್ದಿದ್ರೆ ಅರ್ಜಿ ಕೊಡ್ತೀನಿ.

ಗಂಗಣ್ಣ: ಕಿತ್ರೆ ನೀರು ಬೀಳ್ತೈತಲ್ಲೋ.

ಪಿಳ್ಳಪ್ಪ: ಬೀಳ್ಲಿ. ಅದಕ್ಕೆ ಬೇರೆ ಅರ್ಜಿ ಕೊಡ್ತೀನಿ.

ಗಂಗಣ್ಣನ ಮುಖ ಅರಳಿತು. ವ್ಯಾಜ್ಯ ಮುಗಿದಾಗಿನಿಂದ ಅವನಿಗೂ ಹೊತ್ತು ಹೋಗುತ್ತಿರಲಿಲ್ಲ, ಬೈಯಲು ಒಬ್ಬರಿಲ್ಲದೆ ಬಾಯಿ ಜಡ್ಡುಗಟ್ಟಿತ್ತು. ಪಿಳ್ಳಪ್ಪನ ವಂಶವನ್ನು ಬೈಯುತ್ತ ಅವನದೇ ಹಿತ್ತಲಲ್ಲಿ ಏಣಿ ಹತ್ತಿದ. ಗಂಗಣ್ಣನ ವಂಶವನ್ನು ಬೈಯುತ್ತ ಪಿಳ್ಳಪ್ಪ ಏಣಿ ಹಿಡಿದುಕೊಂಡ. ತಗಡು ಕಳಚುವುದಕ್ಕೂ ಮಳೆ ಹುಯ್ಯುವುದಕ್ಕೂ ಸರಿಹೋಯಿತು. ಮುನಿವೆಂಕಟಮ್ಮ ಚಪ್ಪಡಿ ಸರಿಸಿ, ಹಗೇವಿನ ಬಾಯಿಗೆ ಹಳೆಯ ಸೀರೆ ಬಿಗಿದಳು. ಸೂರಿನ ನೀರು ಒಳಗೆ ಗಳಗಳನೆ ಇಳಿಯುವ ಸದ್ದಿಗೆ ಪಿಳ್ಳಪ್ಪನ ಮೈ ಜುಮ್ಮೆಂದಿತು. ವ್ಯಾಜ್ಯ ಗೆದ್ದ ದಿನವೂ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ.

ಗಂಗಣ್ಣ ಏಣಿಯ ಮೇಲಿಂದ ಸೀರೆ ನೋಡಿದ, ಹಗೇವು ನೋಡಿದ. ದಡ್ಡನೇನಲ್ಲ.

ಗಂಗಣ್ಣ: ಓಹೋ. ನಿಮ್ಮನೆ ಸಾರು ಘಂ ಅಂತಿದ್ದಿದ್ದು ನಮ್ಮನೆ ನೀರಿಂದ್ಲಾ? ಪ್ರಾಣ ಹೋದ್ರೂ ಮುಟ್ಟಲ್ಲ ಅಂದಿದ್ದೆ.

ಪಿಳ್ಳಪ್ಪ: ನಮ್ಮ ಹಗೇವಿಗೆ ಬಿದ್ದ ಮ್ಯಾಲೆ ಅದು ನಮ್ಮನೆ ನೀರು.

ಗಂಗಣ್ಣ: ಆಗ್ಲಿ. ಅದ್ರಾಗೆ ನಮಗೂ ಎರಡು ಬಿಂದಿಗೆ ಕೊಡು.

ಪಿಳ್ಳಪ್ಪ: ಕೊಡ್ಬೋದಿತ್ತು ಗಂಗಣ್ಣ. ಆದ್ರೆ ನಮ್ಮನೆ ನೀರು ಮುಟ್ಟಲ್ಲ ಅಂತ ನೀನೂ ಆಣೆ ಇಟ್ಟಿದ್ದೀಯಲ್ಲ. ಪಾಪ ಬರ್ತೈತೆ.

ಗಂಗಣ್ಣ: ಹೌದಲ್ವಾ. ಸರಿ, ನಾನಿನ್ನೂ ಏಣಿ ಮ್ಯಾಲೇ ಇದ್ದೀನಿ, ಮೊಳೇನೂ ಕೈಲವೆ. ಆ ತಗಡು ಇತ್ಲಾಗೆ ಎತ್ಕೊಡು.

ಪಿಳ್ಳಪ್ಪ ತಗಡನ್ನು ನೋಡಿದ, ಸೂರನ್ನು ನೋಡಿದ, ಅರ್ಧಕ್ಕೂ ಬಾರದ ಹಗೇವನ್ನು ನೋಡಿದ. ತಗಡಿನ ಮೇಲೆ ಎರಡೂ ಕಾಲಿಟ್ಟು ನಿಂತು ಹೆಂಡತಿಯನ್ನು ಕೂಗಿದ.

ಪಿಳ್ಳಪ್ಪ: ಲೇ, ಅಂಜಿನಮ್ಮಕ್ಕನ ಬಿಂದಿಗೆ ಇಸ್ಕೊಳೇ. ಆಣೆ ಇಟ್ಟಿದ್ದು ಗಂಡಸ್ರು ಮಾತ್ರ.